ಬರ್ತ್‌ಡೇ ಬರ್ಬನ್ನೋ, ಸ್ಟ್ಯಾಗೋ?

ಎರಡೂ ಅಮೆರಿಕದ ಕೆಂಟಕಿ ರಾಜ್ಯದ ಬರ್ಬನ್‌ಗಳೇ, ಅಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ವಿಸ್ಕಿ; ಎರಡೂ ಪ್ರತಿ ವರ್ಷಕ್ಕೊಮ್ಮೆ ಬರುವಂಥವು. ಇತಿಹಾಸ ಮುಖ್ಯ ಅನ್ನುವವರಿಗೆ ಓಲ್ಡ್ ಫಾರೆಸ್ಟರ್ ಬರ್ತ್‌ಡೇ ಬರ್ಬನ್. ವಿಸ್ಕಿಯನ್ನು ಪೀಪಾಯಿಯಿಂದ ಅಳೆದು ಕೊಡುತ್ತಿದ್ದ, ಕಲಬೆರಕೆಯೂ ಜಾಸ್ತಿ ಇದ್ದ ಕಾಲವೊಂದಿತ್ತು. ಆಗ, 1870ರಲ್ಲಿ, ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ತಮ್ಮ ಓಲ್ಡ್ ಫಾರೆಸ್ಟರ್ ಬರ್ಬನ್ನನ್ನು ಸೀಲ್ ಮಾಡಿದ ಬಾಟಲಿಯಲ್ಲೇ ಮಾರಲು ಶುರು ಮಾಡಿದರು. ಅವರು ಹುಟ್ಟಿದ್ದು ಸೆಪ್ಟೆಂಬರ್ 2ರಂದು. ಅದರ ನೆನಪಿಗೆ 2002ರಿಂದ ಈ ಬಾಟಲಿ ಬರುತ್ತಿದೆ. ಪ್ರತಿ ವರ್ಷದ ರುಚಿ ಬೇರೆ, ಸಾಲಾಗಿ ಕೂಡಿಡುವವರಿಗೆ ಖುಷಿ ಅಲ್ವಾ?

ಜಾರ್ಜ್ ಟಿ. ಸ್ಟ್ಯಾಗ್ ಕೆಂಟಕಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಬಫಲೋ ಟ್ರೇಸ್ ಡಿಸ್ಟಿಲರಿಯದು. ನೀರು ಬೆರೆಸುವುದಿಲ್ಲ, ಸೋಸುವುದಿಲ್ಲ. ಆಲ್ಕೋಹಾಲ್ ಬಹಳ ಸಲ 60% ದಾಟುತ್ತದೆ. ಸುಮ್ನೆ ಗಟಗಟ ಕುಡಿಯುವ ಸರಕಲ್ಲ! 2021ರಲ್ಲಿ ಗುಣಮಟ್ಟ ಸಾಲದೆಂದು ಬಿಡುಗಡೆಯನ್ನೇ ಕೈಬಿಟ್ಟರು. ಆ ಹಟ ನನಗೆ ಇಷ್ಟ. ಬಾಟಲಿ ಬಿಚ್ಚುವ ಆಸೆ ಇದ್ದರೆ ಇದನ್ನೇ ತೆಗೆದುಕೊಳ್ಳಿ.