ಗಂಡಿಕೋಟದ ಕಣಿವೆಗೆ ಇಳಿಯೋ ಮುಂಚೆ ಇದನ್ನೊಮ್ಮೆ ಓದಿ

ನಾವು ರಾಯದುರ್ಗದವರು. ಅನಂತಪುರ ಜಿಲ್ಲೆಯವರಿಗೆ ಬಿಸಿಲಿನ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಕೊಬ್ಬು ನನಗೂ ಇತ್ತು. ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟದಲ್ಲಿ ಅದು ಚೆನ್ನಾಗಿ ಕರಗಿತು.

ಶಿವರಾತ್ರಿ ಕಳೆದು ಎರಡು ವಾರ ಆಗಿತ್ತು. ನಾನು, ಅಕ್ಕನ ಗಂಡ, ಇಬ್ಬರು ಗೆಳೆಯರು. ಬೆಳಗಿನ ಜಾವ ಮೂರಕ್ಕೆ ಕಾರು ಬಿಟ್ಟು ಅನಂತಪುರ, ತಾಡಿಪತ್ರಿ ದಾಟಿ ಜಮ್ಮಲಮಡುಗಿಗೆ ಬಂದೆವು. ಅಲ್ಲಿ ಇಡ್ಲಿ ತಿಂದು ಕೋಟೆ ತಲುಪಿದಾಗ ಎಂಟೂವರೆ.

ಬೆಳಗ್ಗೆ ನೋಡಿದ್ದಕ್ಕೆ ಒಂದು ಮಾತು ಕೆಟ್ಟದ್ದು ಹೇಳಲಾರೆ. ಮಾಧವರಾಯ ಗುಡಿಯ ಗೋಪುರ, ಮಸೀದಿ, ಅದರ ಪಕ್ಕದ ದೊಡ್ಡ ಕಣಜ ಎಲ್ಲ ನೋಡಿಕೊಂಡು ಬಂಡೆಗಳ ಅಂಚಿಗೆ ಹೋದೆವು. ನಂದಿಬೆಟ್ಟದ ಕಡೆ ಹುಟ್ಟುವ ನಮ್ಮ ಉತ್ತರ ಪಿನಾಕಿನಿಯೇ ಇಲ್ಲಿ ಪೆನ್ನಾ. ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹೋಗಿದೆ. ಎರಡೂ ಕಡೆ ಕೆಂಪು ಕಲ್ಲು, ಯಾರೋ ಚಪ್ಪಡಿ ಪೇರಿಸಿಟ್ಟ ಹಾಗೆ. ಕೆಳಗೆ ಹಸಿರು ನೀರು. ಭಾರತದ ಗ್ರ್ಯಾಂಡ್ ಕ್ಯಾನ್ಯನ್ ಅಂತ ಎಲ್ಲರೂ ಹೇಳ್ತಾರೆ. ಆ ಹೋಲಿಕೆ ಸುಮ್ನೆ ಬೇಡವಾಗಿತ್ತು, ಇದು ಇದರಷ್ಟಕ್ಕೇ ಚೆನ್ನಾಗಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಂಚಿನಲ್ಲೇ ಒಬ್ಬ ಹುಡುಗ ಗಂಟುಬಿದ್ದ. 'ಅಣ್ಣಾ, ನೀರಿನವರೆಗೂ ದಾರಿ ಗೊತ್ತು, ಅರ್ಧ ಗಂಟೆ ಅಷ್ಟೇ' ಅಂದ. ಸಾವಿರದ ಇನ್ನೂರು ಕೇಳಿದ, ಸಾವಿರಕ್ಕೆ ಒಪ್ಪಿದ. ದುಡ್ಡು ಮೊದಲೇ ಕೊಟ್ಟೆವು. ಅದು ಮೊದಲನೇ ತಪ್ಪು. ಎರಡನೇದು, ನಾಲ್ಕು ಜನಕ್ಕೆ ನಾಲ್ಕೇ ಲೀಟರ್ ನೀರು. ಮೂರನೇದು ಹೊತ್ತು: ಇಳಿಯೋಕೆ ಶುರು ಮಾಡಿದಾಗಲೇ ಹತ್ತೂ ಮುಕ್ಕಾಲು.

ಮೆಟ್ಟಿಲಿಲ್ಲ, ಕಾಲುದಾರಿಯೂ ಸರಿಯಾಗಿಲ್ಲ. ಬಂಡೆಯಿಂದ ಬಂಡೆಗೆ ಕೂತು ಜಾರಬೇಕು. ಇಳಿಯೋದು ಕಷ್ಟ ಅನ್ನಿಸಲೇ ಇಲ್ಲ, ಮೋಸ ಇರೋದೇ ಅಲ್ಲಿ. ನೀರು ಮುಟ್ಟಿದೆವು, ಮುಖ ತೊಳೆದೆವು, ಫೋಟೋ ಹೊಡೆದೆವು. ಅದು ಮೈಲಾವರಂ ಅಣೆಕಟ್ಟಿನ ಹಿನ್ನೀರು, ದಡದಲ್ಲೇ ಆಳ, ಕಲ್ಲು ಪಾಚಿ ಹಿಡಿದಿತ್ತು. ಈಜೋ ಆಸೆ ಆಯ್ತು, ಧೈರ್ಯ ಬರಲಿಲ್ಲ. ತಿರುಗಿ ನೋಡಿದರೆ ಹುಡುಗ ಇಲ್ಲ. ಮೇಲೆ ಇನ್ನೊಂದು ಪಾರ್ಟಿ ಸಿಕ್ಕಿರಬೇಕು. ಫೋನ್ ಮಾಡೋಣ ಅಂದ್ರೆ ಕೆಳಗೆ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ.

ಹತ್ತೋಕೆ ಶುರು ಮಾಡಿದಾಗ ನೆತ್ತಿ ಮೇಲೆ ಸೂರ್ಯ. ಎರಡೂ ಕಡೆಯ ಗೋಡೆ ಕಾದು ನಡುವೆ ಗಾಳಿಯೇ ಆಡುತ್ತಿರಲಿಲ್ಲ, ಒಲೆಯೊಳಗೆ ನಿಂತ ಹಾಗೆ. ಅಂಗೈ ಊರಿದರೆ ಚುರ್ರ್ ಅನ್ನುತ್ತಿತ್ತು, ಟವೆಲ್ ಸುತ್ತಿಕೊಂಡು ಹಿಡಿದೆವು. ಅರ್ಧ ದಾರಿಯಲ್ಲಿ ಭಾವನ ಬಲಗಾಲಿನ ಬೂಟಿನ ಅಟ್ಟೆ ಬಿಟ್ಟುಕೊಂಡಿತು. ಹಳೇ ಬೂಟು, ಕಾದ ಕಲ್ಲಿಗೆ ಅಂಟು ಮೆತ್ತಗಾಗಿ, ಹೆಜ್ಜೆ ಹೆಜ್ಜೆಗೂ ನಾಯಿ ನಾಲಿಗೆ ಹಾಗೆ ಪಟಪಟ ಬಡಿಯುತ್ತಿತ್ತು. ಕ್ಯಾಮೆರಾ ಬ್ಯಾಗಿನ ಪಟ್ಟಿ ಬಿಚ್ಚಿ ಕಟ್ಟಿದೆ.

ಅದಾದ ಇಪ್ಪತ್ತು ನಿಮಿಷಕ್ಕೆ ಅವರ ಮಾತು ನಿಂತಿತು. ಸಾಮಾನ್ಯವಾಗಿ ಬಾಯಿ ಮುಚ್ಚುವ ಮನುಷ್ಯ ಅಲ್ಲ. ಮೈಯೆಲ್ಲಾ ಬೆವರು, ಮುಖ ಬಿಳಿಚಿಕೊಂಡಿದೆ, ಮೀನಖಂಡ ಹಿಡಿದುಕೊಂಡಿದೆ. 'ಭಾವ, ಕೂತ್ಕೊಳ್ಳಿ' ಅಂದರೆ 'ಇಲ್ಲ, ನಡಿ ನಡಿ' ಅಂತ ಹಟ. ಮುಂದಿನ ಬಂಡೆ ಹತ್ತಿ ವಾಂತಿ ಮಾಡಿಕೊಂಡರು. ನೀರು ಆಗಲೇ ಮುಗಿದಿತ್ತು. ಬಂಡೆಯ ಸಂದಿಯಲ್ಲಿ ಎರಡಡಿ ನೆರಳು ಸಿಕ್ಕಿತು, ಅಲ್ಲಿ ಮಲಗಿಸಿದೆವು. ಒಬ್ಬ ಗೆಳೆಯ ಮತ್ತೆ ನೀರಿಗಿಳಿದು ಟವೆಲ್ ಒದ್ದೆ ಮಾಡಿಕೊಂಡು ಬಂದ. ಕತ್ತು, ಕಂಕುಳು ಒರೆಸಿ, ಇನ್ನೊಂದು ಟವೆಲಿನಿಂದ ಗಾಳಿ ಹಾಕಿದೆವು. ಮುಕ್ಕಾಲು ಗಂಟೆ ಆದ ಮೇಲೆ 'ಅಕ್ಕನಿಗೆ ಹೇಳಬೇಡ' ಅಂದರು. ಆಗ ನನಗೆ ಜೀವ ಬಂತು.

ಕೊನೆಯ ಸ್ವಲ್ಪ ದೂರಕ್ಕೆ ಕುರಿ ಕಾಯೋ ಅಜ್ಜ ಒಬ್ಬರು ದಾರಿ ತೋರಿಸಿದರು. ನಾವು ಏರುತ್ತಿದ್ದ ಕಡೆ ಮೇಲೆ ದಾರಿಯೇ ಇರಲಿಲ್ಲವಂತೆ. ತಮ್ಮ ಕ್ಯಾನಿನಲ್ಲಿದ್ದ ಮಜ್ಜಿಗೆ ನೀರನ್ನೂ ಕೊಟ್ಟರು. ಏಳಕ್ಕೆ ಇಳಿದು ಹತ್ತರೊಳಗೆ ಮೇಲೆ ಬಂದಿರಬೇಕು, ಈಗ ಆಡೂ ಇಳಿಯಲ್ಲ ಅಂತ ತೆಲುಗಿನಲ್ಲಿ ಬೈದರು. ನಾಲ್ವರೂ ತಲೆ ತಗ್ಗಿಸಿ ಬೈಸಿಕೊಂಡೆವು. ಮೇಲೆ ತಲುಪಿದಾಗ ಮೂರು ಗಂಟೆ. ಬೇಲಂ ಗುಹೆ ನೋಡೋ ಪ್ಲ್ಯಾನ್ ಬಿಟ್ಟು ಜಮ್ಮಲಮಡುಗಿನಲ್ಲಿ ಡಾಕ್ಟರನ್ನು ಹುಡುಕಿದೆವು. ಎರಡು ಬಾಟಲಿ ಡ್ರಿಪ್ ಹಾಕಿದರು. ಬೆವರು ನಿಂತು ಮಾತು ತೊದಲೋಕೆ ಶುರುವಾಗಿದ್ದರೆ ಕಥೆಯೇ ಬೇರೆ, ಆಗ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು ಅಂದರು. ಕಣಿವೆಯೊಳಗೆ ಆ ಫೋನೇ ಹೋಗಲ್ಲ ಅನ್ನೋದು ನೆನಪಾಗಿ ನನಗೆ ಹೊಟ್ಟೆ ಕಿವುಚಿತು.

ಹೋಗಲೇಬೇಡಿ ಅನ್ನಲ್ಲ. ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಮೇಲಿನಿಂದ ನೋಡಿದರೆ ಸಾಕು, ನೋಟವೆಲ್ಲ ಅಲ್ಲೇ ಇದೆ. ಇಳಿಯಲೇಬೇಕು ಅಂದ್ರೆ ತಲೆಗೆ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಗಟ್ಟಿ ಬೂಟು ಇರಲಿ. ಕರೆದುಕೊಂಡು ಹೋಗೋನಿಗೆ ಅರ್ಧ ದುಡ್ಡು ಮೇಲೆ ಬಂದ ಮೇಲೇ ಕೊಡಿ. ಚೌಕಾಸಿ ಮಾಡುವಾಗ ಆ ಹುಡುಗ ನನ್ನ ನಂಬರ್ ತಗೊಂಡಿದ್ದ. ಅವತ್ತು ರಾತ್ರಿ ಮೆಸೇಜ್ ಬಂತು: 'ಅಣ್ಣಾ, ಫೋಟೋ ಕಳಿಸಿ, ಸ್ಟೇಟಸ್‌ಗೆ ಹಾಕ್ಕೋತೀನಿ.'