ರಿಕೋ ಜಿಆರ್ 3: ಕೆಲಸಕ್ಕಲ್ಲ, ಕೆಲಸಗಳ ನಡುವಿನ ಹೊತ್ತಿಗೆ

ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಕ್ಯಾಮೆರಾಗೆ ಆಗುವಷ್ಟು ದುಡ್ಡಿದ್ದರೆ ಇದನ್ನು ಕೊಳ್ಳಬೇಡಿ. ಫೋಟೋ ತೆಗೆದೇ ಬದುಕು ನಡೆಸುವವರಿಗೆ ಇದು ಎರಡನೇ ಕ್ಯಾಮೆರಾ. ಆದರೂ ನನ್ನ ಹತ್ತಿರ ಇರುವ ಸಾಮಾನುಗಳಲ್ಲಿ ದಿನಾ ಕೈಗೆ ಬರುವುದು ಇದೊಂದೇ. ದುಡಿದು ಕೊಡುವ ದೊಡ್ಡ ಕ್ಯಾಮೆರಾ ಶೂಟ್ ಇಲ್ಲದ ದಿನ ಬ್ಯಾಗಿನಿಂದ ಹೊರಗೇ ಬರುವುದಿಲ್ಲ.

ಫೋಟೋಗ್ರಾಫರ್ ಅಂದರೆ ದಿನವಿಡೀ ಫೋಟೋ ತೆಗೆಯುತ್ತಾ ಇರುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ದೊಡ್ಡ ಊರಿನಲ್ಲಿ ನಮ್ಮ ದಿನದ ಬಹುಪಾಲು ಹೋಗುವುದು ಓಡಾಟದಲ್ಲಿ, ಕಾಯುವುದರಲ್ಲಿ, ಎಡಿಟಿಂಗ್‌ನಲ್ಲಿ, ಆಮೇಲೆ ಬರಬೇಕಾದ ದುಡ್ಡನ್ನು ನಯವಾಗಿ ನೆನಪಿಸುವುದರಲ್ಲಿ. ಬೆಳಿಗ್ಗೆ ಒಂದು ಕಡೆ ಪ್ರಾಡಕ್ಟ್ ಶೂಟ್, ಸಂಜೆ ಊರಿನ ಇನ್ನೊಂದು ತುದಿಯಲ್ಲಿ ಈವೆಂಟ್. ಎರಡರ ನಡುವೆ ಟ್ರಾಫಿಕ್, ಮೆಟ್ರೋ, ಮೆಟ್ಟಿಲು, ಯಾವುದೋ ಕಟ್ಟಡದ ರಿಸೆಪ್ಷನ್‌ನಲ್ಲಿ ಕೂತು 'ಇನ್ನೈದು ನಿಮಿಷ' ಅನ್ನುವ ಕ್ಲೈಂಟಿಗಾಗಿ ಕಾಯುವುದು. ನನಗೆ ತೆಗೆಯಬೇಕು ಅನ್ನಿಸುವ ಫೋಟೋಗಳೆಲ್ಲ ಇರುವುದು ಈ ನಡುವಿನ ಹೊತ್ತಿನಲ್ಲೇ. ಆದರೆ ಫುಲ್ ಫ್ರೇಮ್ ಕ್ಯಾಮೆರಾಗೆ, ಅಂದರೆ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಕ್ಯಾಮೆರಾಗೆ, 24-70 ಎಂಎಂ ಎಫ್ 2.8 ಜೂಮ್ ಲೆನ್ಸ್ ಹಾಕಿದರೆ ಸುಮಾರು ಒಂದೂವರೆ ಕಿಲೋ ಆಗುತ್ತದೆ. ತುಂಬಿದ ಬೋಗಿಯಲ್ಲಿ ನಿಂತು ಬ್ಯಾಗಿನ ಜಿಪ್ ಎಳೆದು, ಅದನ್ನು ಹೊರತೆಗೆದು, ಕ್ಯಾಪ್ ಬಿಚ್ಚುವಷ್ಟರಲ್ಲಿ ಬೆಳಕು ಹೋಗಿರುತ್ತದೆ, ಎದುರಿನವರು ನಮ್ಮ ಕಡೆಗೇ ನೋಡುತ್ತಿರುತ್ತಾರೆ.

ಜಿಆರ್ 3 ತೂಗುವುದು ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಪ್ಯಾಂಟಿನ ಜೇಬಿಗೆ ಹೋಗುತ್ತದೆ. 'ಪಾಕೆಟ್ ಕ್ಯಾಮೆರಾ' ಅಂತ ಕರೆಸಿಕೊಳ್ಳುವ ಎಷ್ಟೋ ಕ್ಯಾಮೆರಾಗಳಿಗೆ ಬೇಕಾಗುವುದು ದೊಡ್ಡ ಜಾಕೆಟ್ಟಿನ ಜೇಬು. ಇದು ನಿಜವಾದ ಜೇಬಿಗೇ ಹೋಗುತ್ತದೆ. ಇಷ್ಟು ಚಿಕ್ಕ ಡಬ್ಬಿಯೊಳಗೆ ಇರುವುದು ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು, ಫೋನಿನದಕ್ಕಿಂತ ಎಷ್ಟೋ ದೊಡ್ಡದು), 24 ಮೆಗಾಪಿಕ್ಸೆಲ್. ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇರುವ ಸೆನ್ಸರ್‌ನ ಅಳತೆಯೇ ಇದು. ಲೆನ್ಸ್ 18.3 ಎಂಎಂ, ಎಫ್ 2.8 (ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು, ಒಳಗೆ ಬರುವ ಬೆಳಕು ಜಾಸ್ತಿ). ಫುಲ್ ಫ್ರೇಮ್ ಲೆಕ್ಕದಲ್ಲಿ 28 ಎಂಎಂ, ಅಂದರೆ ಅಗಲವಾದ ನೋಟ; ಈ ಸಂಖ್ಯೆ ದೊಡ್ಡದಾದಷ್ಟು ನೋಟ ಕಿರಿದು. ಜೂಮ್ ಇಲ್ಲ, ಲೆನ್ಸ್ ಬದಲಾಯಿಸುವ ಹಾಗೂ ಇಲ್ಲ. ಹತ್ತಿರ ಬೇಕು ಅಂದರೆ ಕಾಲಿದೆಯಲ್ಲ, ನಡೆಯಬೇಕು.

ಈ 28 ಎಂಎಂ ಹಟ ಹೊಸದಲ್ಲ. 1996ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ಜಿಆರ್ 1ರಲ್ಲೂ ಇದ್ದದ್ದು 28 ಎಂಎಂ ಎಫ್ 2.8 ಲೆನ್ಸ್. 2005ರಲ್ಲಿ ಜಿಆರ್ ಡಿಜಿಟಲ್ ಆಯಿತು. ಅದರ ಸೆನ್ಸರ್ ಪುಟ್ಟದು. 2013ರಲ್ಲಿ ಎಪಿಎಸ್-ಸಿ ಬಂತು, 2019ರಲ್ಲಿ ಈ ಜಿಆರ್ 3. ಟೋಕಿಯೊದ ಗಲ್ಲಿಗಳನ್ನು ಒರಟು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದ ಡೈಡೊ ಮೊರಿಯಾಮಾ ಫಿಲ್ಮ್ ಕಾಲದಿಂದಲೂ ಜಿಆರ್ ಹಿಡಿದು ಓಡಾಡಿದವರು. ಅವರ ಹೆಸರು ಕೇಳಿಯೇ ಈ ಕ್ಯಾಮೆರಾ ಕೊಳ್ಳುವವರು ತುಂಬಾ ಜನ. ಕೊಂಡರೆ ತಪ್ಪೇನಿಲ್ಲ, ಆದರೆ ಅವರ ನಡಿಗೆ ಡಬ್ಬಿಯ ಜೊತೆ ಬರುವುದಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ನ್ಯಾಪ್ ಫೋಕಸ್. ಬೇರೆ ಯಾವ ಫೀಚರ್ ಮರೆತರೂ ಇದೊಂದನ್ನು ಕಲಿತುಕೊಳ್ಳಿ. ಒಂದು ದೂರವನ್ನು ಮೊದಲೇ ಹೇಳಿ ಇಡುವುದು, ಉದಾಹರಣೆಗೆ 2 ಮೀಟರ್. ಶಟರ್ ಬಟನ್ ಅರ್ಧ ಒತ್ತಿದರೆ ಮಾಮೂಲಿ ಆಟೋಫೋಕಸ್. ನಡುವೆ ನಿಲ್ಲಿಸದೆ ಒಂದೇ ಸಲ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕಲು ಹೋಗುವುದೇ ಇಲ್ಲ, ನೇರ 2 ಮೀಟರಿಗೆ ಹೋಗಿ ಫೋಟೋ ತೆಗೆದುಬಿಡುತ್ತದೆ. ಲೆನ್ಸ್ 18.3 ಎಂಎಂ ಆದ್ದರಿಂದ ಎಫ್ 8ರಲ್ಲಿ ಇಟ್ಟರೆ ಸುಮಾರು ಒಂದು ಮೀಟರಿನಿಂದ ರಸ್ತೆಯ ಆಚೆ ಬದಿವರೆಗೂ ಎಲ್ಲ ಸಾಕಷ್ಟು ಸ್ಪಷ್ಟವಾಗಿಯೇ ಬರುತ್ತದೆ. ಅಂದರೆ ಫೋಕಸ್ ಅನ್ನುವ ಚಿಂತೆಯನ್ನೇ ಮನೆಯಲ್ಲಿ ಬಿಟ್ಟು ಬರಬಹುದು. ಎದುರಿನಿಂದ ಕೊಡೆ ಬಿಚ್ಚುತ್ತಾ ಬರುವವರು, ಅವರ ಹಿಂದೆ ಬಸ್ಸಿನ ಕಿಟಕಿಯಲ್ಲಿ ನಿದ್ದೆ ಹೋದವರು, ಎರಡೂ ಒಂದೇ ಫ್ರೇಮಿನಲ್ಲಿ ಸಿಕ್ಕರೆ ಯಾವುದರ ಮೇಲೆ ಫೋಕಸ್ ಅಂತ ಯೋಚಿಸುತ್ತಾ ಕೂರುವ ಹೊತ್ತು ಎಲ್ಲಿದೆ? ಒತ್ತಿದರೆ ಆಯಿತು. ಆನ್ ಆಗಲು ಒಂದು ಸೆಕೆಂಡೂ ಬೇಡ. ಲೆನ್ಸಿನೊಳಗೇ ಇರುವ ಲೀಫ್ ಶಟರ್‌ನ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ.

ಮೇಲಿನ ಡಯಲ್‌ನಲ್ಲಿ ಯು 1, ಯು 2, ಯು 3 ಅಂತ ಮೂರು ಜಾಗ ನಮಗಾಗಿಯೇ ಬಿಟ್ಟಿದ್ದಾರೆ. ನನ್ನದು ಹೀಗಿದೆ. ಯು 1 ಹಗಲಿಗೆ: ಎಫ್ 8, ಸ್ನ್ಯಾಪ್ 2 ಮೀಟರ್, ಆಟೋ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದನ್ನು ಕ್ಯಾಮೆರಾವೇ ಹೊಂದಿಸುವುದು), ಶಟರ್ 1/500 ಸೆಕೆಂಡಿಗಿಂತ ನಿಧಾನ ಆಗದ ಹಾಗೆ. ಯು 2 ರಾತ್ರಿಗೆ: ಎಫ್ 2.8, ಆಟೋಫೋಕಸ್, ಐಎಸ್ಒ 6400ರವರೆಗೆ. ಯು 3ರಲ್ಲಿ ಹೈ ಕಾಂಟ್ರಾಸ್ಟ್ ಕಪ್ಪು-ಬಿಳುಪು. ಅದು ಸುಮ್ನೆ ಖುಷಿಗೆ. ಒಮ್ಮೆ ಇಷ್ಟು ಹೊಂದಿಸಿಬಿಟ್ಟರೆ ಮೆನುವಿಗೆ ಹೋಗುವ ಕೆಲಸ ಅಪರೂಪ, ಒಂದೇ ಕೈಯಲ್ಲಿ ಎಲ್ಲ ಆಗುತ್ತದೆ. ಇನ್ನೊಂದು ಕೈಯಲ್ಲಿ ಮೆಟ್ರೋದ ಹಿಡಿಕೆಯೋ, ಟ್ರೈಪಾಡ್ ಬ್ಯಾಗೋ ಇರುತ್ತದಲ್ಲ.

'ಫೋನ್ ಇದೆಯಲ್ಲ, ಇದ್ಯಾಕೆ?' ಅಂತ ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಈಗಿನ ಒಳ್ಳೆಯ ಫೋನ್ ರಾತ್ರಿ ಹೊತ್ತು ಹಲವು ಫ್ರೇಮ್ ಸೇರಿಸಿ ಕೊಡುವ ಚಿತ್ರ ಫೋನಿನ ಪರದೆಯಲ್ಲಿ ಇದಕ್ಕಿಂತ ಚೆಂದವೇ ಕಾಣಬಹುದು. ಪ್ರಿಂಟ್ ಹಾಕಿದಾಗ, ಎಡಿಟಿಂಗ್‌ನಲ್ಲಿ ನೆರಳಿನ ಭಾಗವನ್ನು ಬೆಳಗಿಸಿದಾಗ ವ್ಯತ್ಯಾಸ ತಿಳಿಯುತ್ತದೆ. ರಾ ಫೈಲ್ (ಕ್ಯಾಮೆರಾ ಬಣ್ಣ ತಿದ್ದದೆ ಕೊಡುವ ಮೂಲ ಫೈಲ್) ಡಿಎನ್‌ಜಿ ಅನ್ನುವ ಸಾಮಾನ್ಯ ರೂಪದಲ್ಲೇ ಬರುವುದರಿಂದ ಎಡಿಟಿಂಗ್ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಫೋನ್ ಕೈಗೆ ತೆಗೆದುಕೊಂಡ ಕೂಡಲೇ ಕ್ಲೈಂಟಿನ ಮೆಸೇಜ್ ಕಾಣುತ್ತದೆ. 'ಆ ಮೂರನೇ ಫೋಟೋದಲ್ಲಿ ಹಿನ್ನೆಲೆ ಇನ್ನೂ ಸ್ವಲ್ಪ ಬಿಳಿ ಮಾಡಬಹುದಾ?' ಮುಗಿಯಿತು. ಎದುರಿನ ಗೋಡೆ ಮೇಲೆ ಬಿದ್ದ ನೆರಳನ್ನು ನೋಡಲು ನಿಂತವರು ಬಿಳಿ ಹಿನ್ನೆಲೆ ಬಗ್ಗೆ ಟೈಪ್ ಮಾಡುತ್ತಾ ನಿಂತಿರುತ್ತೇವೆ. ಈ ಡಬ್ಬಿಗೆ ಮೆಸೇಜ್ ಬರುವುದಿಲ್ಲ. ನನಗೆ ಅದು ಸೆನ್ಸರ್‌ಗಿಂತ ಜಾಸ್ತಿ.

ಇನ್ನೊಂದು ಲಾಭ ಇದೆ, ಅದರಲ್ಲೇ ಒಂದು ಜವಾಬ್ದಾರಿಯೂ ಇದೆ. ದೊಡ್ಡ ಕ್ಯಾಮೆರಾ ಹಿಡಿದರೆ ಸೆಕ್ಯುರಿಟಿಯವರು ಬಂದು ಪರ್ಮಿಷನ್ ಕೇಳುತ್ತಾರೆ, ಜನ ಮುಖ ತಿರುಗಿಸುತ್ತಾರೆ ಇಲ್ಲವೇ ಪೋಸ್ ಕೊಡುತ್ತಾರೆ. ಇದನ್ನು ನೋಡಿದವರು ಯಾವುದೋ ಹಳೇ ಡಿಜಿಟಲ್ ಕ್ಯಾಮೆರಾ ಇರಬೇಕು ಅಂತ ಬಿಟ್ಟುಬಿಡುತ್ತಾರೆ. ಕಪ್ಪು ಬಣ್ಣ, ಎದುರಿಗೆ ಪುಟ್ಟದಾಗಿ 'ಜಿಆರ್' ಅನ್ನುವ ಎರಡಕ್ಷರ ಬಿಟ್ಟರೆ ದೊಡ್ಡ ಲೋಗೋ ಕೂಡ ಇಲ್ಲ. ಕಣ್ಣಿಗೆ ಬೀಳುವುದಿಲ್ಲ ಅಂತ ಕದ್ದು ತೆಗೆಯುವ ಚಟ ಹತ್ತಬಾರದು. ಹತ್ತಿರ ಹೋಗಿ ತೆಗೆದ ಮೇಲೆ ಕಣ್ಣಿಗೆ ಕಣ್ಣು ಸಿಕ್ಕರೆ ನಾನು ಸ್ಕ್ರೀನ್ ತಿರುಗಿಸಿ ತೋರಿಸುತ್ತೇನೆ, ಬೇಡ ಅಂದರೆ ಅವರ ಎದುರಿಗೇ ಡಿಲೀಟ್ ಮಾಡುತ್ತೇನೆ. 28 ಎಂಎಂನಲ್ಲಿ ದೂರ ನಿಂತು ತೆಗೆದರೆ ಮನುಷ್ಯರು ಇರುವೆಗಳ ಹಾಗೆ ಕಾಣುತ್ತಾರೆ, ಹಾಗಾಗಿ ಹತ್ತಿರ ಹೋಗಲೇಬೇಕು, ಮಾತಾಡಲೇಬೇಕು.

ಈಗ ತೊಂದರೆಗಳಿಗೆ ಬರೋಣ, ಕಡಿಮೆ ಏನಿಲ್ಲ. ಒಂದು ಚಾರ್ಜಿಗೆ ಸುಮಾರು 200 ಫೋಟೋ ಅಂತ ಕಂಪನಿಯೇ ಹೇಳುತ್ತದೆ. ಇದು ಕಡಿಮೆಯೇ. ಪುಣ್ಯಕ್ಕೆ ಬ್ಯಾಟರಿ ತೀರಾ ಪುಟ್ಟದು, ಎರಡನೆಯದು ಪರ್ಸಿನಲ್ಲೇ ಇರಬಹುದು. ಯುಎಸ್‌ಬಿ-ಸಿ ಇರುವುದರಿಂದ ಫೋನಿನ ಪವರ್ ಬ್ಯಾಂಕ್‌ನಲ್ಲೂ ಚಾರ್ಜ್ ಆಗುತ್ತದೆ. ಕಾರ್ಡ್ ಹಾಕದಿದ್ದರೂ ಒಳಗೆ 2 ಜಿಬಿ ಜಾಗ ಇದೆ. ಆಪತ್ತಿಗೆ ಸಾಕು, ರಾ ತೆಗೆಯುವವರಿಗೆ ಬೇಗ ತುಂಬಿಬಿಡುತ್ತದೆ.

ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಸ್ಕ್ರೀನ್ ಮೇಲೆ ಕೆಳಗೆ ತಿರುಗುವುದಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕ್ರೀನ್ ನೋಡಿ ಫ್ರೇಮ್ ಮಾಡುವುದು ಅಂದರೆ ಅಂದಾಜಿನ ಕೆಲಸವೇ. 28 ಎಂಎಂ ಎಷ್ಟು ಅಗಲ ಹಿಡಿಯುತ್ತದೆ ಅನ್ನುವುದು ತಲೆಯಲ್ಲಿ ಕೂರುವವರೆಗೆ ಕಿರಿಕಿರಿ, ಕೂತ ಮೇಲೆ ನಾನು ಸೊಂಟದ ಮಟ್ಟದಿಂದ ಸ್ಕ್ರೀನ್ ನೋಡದೆಯೇ ತೆಗೆಯುತ್ತೇನೆ. 2015ರ ಜಿಆರ್ 2ರಲ್ಲಿ ಇದ್ದ ಪುಟ್ಟ ಫ್ಲ್ಯಾಶ್ ಇದರಲ್ಲಿ ಮಾಯವಾಗಿದೆ. ಅದರ ಬದಲಿಗೆ ಕೈ ನಡುಕ ಸರಿಪಡಿಸುವ 3 ಆಕ್ಸಿಸ್ ಸ್ಟೆಬಿಲೈಸೇಷನ್ ಸಿಕ್ಕಿದೆ. ರಾತ್ರಿಯ ಬೀದಿದೀಪದಲ್ಲಿ ನಿಂತ ಸ್ಕೂಟರೋ, ಮುಚ್ಚಿದ ಅಂಗಡಿಯ ಬಾಗಿಲೋ ಆದರೆ ಈ ಬದಲಾವಣೆ ಲಾಭವೇ. ಕುಣಿಯುವ ಜನ ಆದರೆ ಸ್ಟೆಬಿಲೈಸೇಷನ್‌ನಿಂದ ಏನೂ ಪ್ರಯೋಜನವಿಲ್ಲ, ಅಲ್ಲಿ ಫ್ಲ್ಯಾಶೇ ಬೇಕು. ಪಾರ್ಟಿ ಫೋಟೋ ತೆಗೆಯುವ ಗೆಳೆಯರು ಜಿಆರ್ 2 ಬಿಡದಿರುವುದು ಇದೇ ಕಾರಣಕ್ಕೆ.

ಬೆಳಕು ಕಡಿಮೆ ಆದಾಗ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಓಡುವ ಮಕ್ಕಳು, ಆಟ, ವೇದಿಕೆ ಕಾರ್ಯಕ್ರಮ, ಇವಕ್ಕೆಲ್ಲ ಇದು ಆಗುವುದಿಲ್ಲ. ವಿಡಿಯೋ 1080ರವರೆಗೆ ಮಾತ್ರ, 4ಕೆ ಇಲ್ಲ. ರೀಲ್ಸ್ ಮಾಡುವವರು ಬೇರೆ ಏನಾದರೂ ನೋಡಿಕೊಳ್ಳಿ. ಚಿತ್ರದ ಅಂಚು ಕತ್ತರಿಸಿ 35 ಅಥವಾ 50 ಎಂಎಂ ಲೆನ್ಸಿನ ನೋಟ ಕೊಡುವ ಕ್ರಾಪ್ ಕೊಟ್ಟಿದ್ದಾರೆ. 35ರಲ್ಲಿ ಸುಮಾರು 15 ಮೆಗಾಪಿಕ್ಸೆಲ್ ಉಳಿಯುತ್ತದೆ, ಪರವಾಗಿಲ್ಲ. 50ರಲ್ಲಿ ಸುಮಾರು 7. ಅದನ್ನು ಮನೆಗೆ ಬಂದು ಕ್ರಾಪ್ ಮಾಡಿಕೊಂಡರೂ ಅಷ್ಟೇ.

ಜಿಆರ್ ಬಳಸುವವರ ಬಾಯಲ್ಲಿ ಜಾಸ್ತಿ ಕೇಳುವ ದೂರು ಧೂಳಿನದು. ಕಾರಣ ಕಷ್ಟದ್ದೇನಲ್ಲ. ಆನ್ ಮಾಡಿದಾಗ ಲೆನ್ಸ್ ಹೊರಗೆ ಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಹಾಗೆ ಹೋಗಿ ಬರುವಾಗ ಗಾಳಿಯೂ ಒಳಗೆ ಹೋಗುತ್ತದೆ. ನೀರು, ಧೂಳು ತಡೆಯುವ ವೆದರ್ ಸೀಲಿಂಗ್ ಇಲ್ಲ. ಜೇಬಿನ ನೂಲಿನ ಪುಡಿ, ರಸ್ತೆ ಅಗೆದ ಮಣ್ಣು, ಎಲ್ಲಕ್ಕೂ ದಾರಿ ಸಿಗುತ್ತದೆ. ಸೆನ್ಸರ್ ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ ಇದೆ, ಆದರೆ ಅಂಟಿ ಕೂತದ್ದು ಅದಕ್ಕೆ ಬಗ್ಗುವುದಿಲ್ಲ. ಲೆನ್ಸ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಮನೆಯಲ್ಲಿ ನಾವೇ ಸ್ವಚ್ಛ ಮಾಡುವ ಮಾತೂ ಇಲ್ಲ, ಸರ್ವಿಸಿಗೆ ಕೊಟ್ಟು ಬಿಚ್ಚಿಸಬೇಕು. ನಾನು ಇದನ್ನು ಬರೀ ಜೇಬಿಗೆ ಹಾಕುವುದಿಲ್ಲ. ಕನ್ನಡಕ ಒರೆಸುವ ಬಟ್ಟೆಯ ಪುಟ್ಟ ಚೀಲದಲ್ಲಿ ಹಾಕಿ ಆಮೇಲೆ ಜೇಬಿಗೆ. ಮಳೆಗಾಲದಲ್ಲಂತೂ ಜಿಪ್ ಇರುವ ಪ್ಲಾಸ್ಟಿಕ್ ಕವರ್.

ಬಣ್ಣದ ಬಗ್ಗೆ ಒಂದು ಮಾತು. ಪಾಸಿಟಿವ್ ಫಿಲ್ಮ್ ಅನ್ನುವ ಪ್ರೊಫೈಲ್ ಮಧ್ಯಾಹ್ನದ ನಗರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಂಕ್ರೀಟಿನ ಬೂದು ಬಣ್ಣವೂ ಸತ್ತ ಹಾಗೆ ಕಾಣುವುದಿಲ್ಲ, ಕೆಂಪು ಬಸ್ಸು ಎದ್ದು ಬರುತ್ತದೆ. ನಾನು ಜೆಪೆಗ್ ಮತ್ತು ರಾ ಎರಡೂ ಇಡುತ್ತೇನೆ, ಆದರೆ ನಿಜ ಹೇಳಬೇಕೆಂದರೆ ನನ್ನ ಸ್ವಂತ ಫೋಟೋಗಳ ರಾ ಫೈಲ್ ತೆರೆಯುವುದೇ ಅಪರೂಪ. ದಿನವಿಡೀ ಬೇರೆಯವರ ಫೋಟೋಗಳಿಗೆ ಬಣ್ಣ ಸರಿ ಮಾಡಿ ರಾತ್ರಿ ಬ್ಯಾಕಪ್ ಹಾಕಿ ಎದ್ದ ಮೇಲೆ, ಮತ್ತೆ ಅದೇ ಸ್ಲೈಡರ್ ಎಳೆಯಲು ಯಾರಿಗೆ ಮನಸ್ಸಾಗುತ್ತದೆ ಹೇಳಿ? ಕ್ಯಾಮೆರಾದಿಂದ ನೇರ ಬಂದ ಜೆಪೆಗ್ ಚೆನ್ನಾಗಿರುವುದರಿಂದಲೇ ನನ್ನ ಸ್ವಂತ ಆಲ್ಬಮ್ ಬೆಳೆಯುತ್ತಿದೆ. ಇತ್ತೀಚೆಗೆ ಒಂದು ಕೆಲಸ ಸಿಕ್ಕಿದ್ದೂ ಆ ಆಲ್ಬಮ್ ನೋಡಿದವರಿಂದಲೇ. ಅವರು ನನ್ನ ಪ್ರಾಡಕ್ಟ್ ಫೋಟೋಗಳನ್ನು ಕೇಳಲೇ ಇಲ್ಲ.

ಕೊಳ್ಳುವವರಿಗೆ: ಇದೇ ಕ್ಯಾಮೆರಾದ 40 ಎಂಎಂ ರೂಪ ಜಿಆರ್ 3ಎಕ್ಸ್ 2021ರಲ್ಲಿ ಬಂತು. ಮುಖಗಳನ್ನು, ಸಣ್ಣ ವಿವರಗಳನ್ನು ಇಷ್ಟಪಡುವವರಿಗೆ ಅದೇ ಸರಿ. ಬೀದಿ, ಗುಂಪು, ಇಕ್ಕಟ್ಟಿನ ಜಾಗ ಅಂದರೆ 28. ಎರಡರ ನಡುವೆ ತೀರ್ಮಾನ ಆಗದಿದ್ದರೆ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಒಂದು ವಾರ ಜೂಮ್ ಮುಟ್ಟದೆ ತೆಗೆದು ನೋಡಿ. ಅದು ಹೆಚ್ಚುಕಡಿಮೆ 24ರಿಂದ 28 ಎಂಎಂ ಒಳಗೆ ಇರುತ್ತದೆ. ಎಲ್ಲದರಲ್ಲೂ ಅಂಚು ಕತ್ತರಿಸಬೇಕು ಅನ್ನಿಸಿದರೆ ನೀವು 40ರ ಕಡೆಯವರು. 2025ರಲ್ಲಿ ಜಿಆರ್ 4 ಬಂದಿದೆ. 5 ಆಕ್ಸಿಸ್ ಸ್ಟೆಬಿಲೈಸೇಷನ್, ಒಳಗೆ 50 ಜಿಬಿಗಿಂತ ಜಾಸ್ತಿ ಜಾಗ, ಆದರೆ ಅದಕ್ಕೆ ಮೈಕ್ರೋ ಎಸ್‌ಡಿ ಕಾರ್ಡ್ ಬೇಕು. ಹೊಸದು ಬಂತು ಅಂತ ನನ್ನದನ್ನು ಬದಲಾಯಿಸುವ ಯೋಚನೆ ಇಲ್ಲ, ನನ್ನ ಫೋಟೋಗಳಿಗೆ ಅದರಿಂದ ಆಗುವ ವ್ಯತ್ಯಾಸ ಕಡಿಮೆ.

ಸೆಕೆಂಡ್ ಹ್ಯಾಂಡ್ ಜಿಆರ್ 3 ಸಿಕ್ಕರೆ ದುಡ್ಡು ಕೊಡುವ ಮುಂಚೆ ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ್ದೋ ಬಿಳಿ ಗೋಡೆಯದ್ದೋ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಮಸುಕಾದ ಕಪ್ಪು ಚುಕ್ಕೆ ಕಂಡರೆ ಅದು ಧೂಳು, ಬೆಲೆ ಇಳಿಸಲು ಕೇಳಿ ಇಲ್ಲವೇ ಬಿಟ್ಟುಬಿಡಿ. ಆಮೇಲೆ ನಾಲ್ಕೈದು ಸಲ ಆನ್-ಆಫ್ ಮಾಡಿ, ಲೆನ್ಸ್ ತಡವರಿಸದೆ ಹೊರಗೆ ಬರುತ್ತದಾ ನೋಡಿಕೊಳ್ಳಿ. ಹಿಂದಿನ ಚಕ್ರವನ್ನೂ ಒಂದು ಸುತ್ತು ತಿರುಗಿಸಿ ನೋಡಿ.