ಗಿಟ್‌ಲ್ಯಾಬ್ ಸಬ್‌ಗ್ರೂಪ್: ಕನ್ನಡದ ಓಪನ್ ಸೋರ್ಸ್ ತಂಡಗಳಿಗೆ ಹೊಂದುತ್ತದೆಯೇ?

ಬೆಂಗಳೂರಿನಲ್ಲಿ ವಾರಾಂತ್ಯದ ಬಿಡುವಿನಲ್ಲಿ ಕನ್ನಡ ಫಾಂಟ್, ಕೀಬೋರ್ಡ್, ಸ್ಪೆಲ್‌ಚೆಕರ್ ಕಟ್ಟುವ ತಂಡಗಳಲ್ಲಿ ಅಕ್ಷರ ತಿದ್ದುವವರು ಬೇರೆ, ಆ್ಯಪ್ ಬರೆಯುವವರು ಬೇರೆ, ಪದಪಟ್ಟಿ ಬೆಳೆಸುವವರು ಮತ್ತೂ ಬೇರೆ. ಇಂಥ ಕಡೆ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನ ಸಬ್‌ಗ್ರೂಪ್ (ಗ್ರೂಪಿನೊಳಗಿನ ಗ್ರೂಪ್) ಚೆನ್ನಾಗಿ ಹೊಂದುತ್ತದೆ, ಅನುಮತಿಗಳ ವಿಷಯದಲ್ಲಿ ಎಚ್ಚರವಿದ್ದರೆ.

ಇಂಥದೇ ತಾಣವಾದ ಗಿಟ್‌ಹಬ್‌ನ ಆರ್ಗನೈಸೇಶನ್‌ನಲ್ಲಿ ರೆಪೊಗಳೆಲ್ಲ (ಕೋಡಿನ ಸಂಗ್ರಹಗಳು) ಒಂದೇ ಮಟ್ಟದಲ್ಲಿ ಇರುತ್ತವೆ. ವಿಂಗಡಿಸಲು ಹೆಸರಿನ ಮುಂದೆ ಗುರುತು ಸೇರಿಸಬೇಕು, ಇಲ್ಲವೇ ಟಾಪಿಕ್ ಹಾಕಬೇಕು. ಗಿಟ್‌ಲ್ಯಾಬ್‌ನಲ್ಲಿ 2017ರ 9.0 ಆವೃತ್ತಿಯಿಂದ ಗ್ರೂಪಿನೊಳಗೆ ಗ್ರೂಪ್ ಮಾಡಬಹುದು. 20 ಹಂತಕ್ಕೆ ಅವಕಾಶವಿದ್ದರೂ ಎರಡೇ ಸಾಕು. ಮಲಯಾಳಂನ ಎಸ್‌ಎಂಸಿ (ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್) ತಂಡ ತನ್ನ ಫಾಂಟುಗಳನ್ನು ಹೀಗೆಯೇ ಒಂದು ಸಬ್‌ಗ್ರೂಪಿನಲ್ಲಿಟ್ಟಿದೆ. ಲೇಬಲ್, ಮೈಲ್‌ಸ್ಟೋನ್‌ಗಳನ್ನು ಮೇಲಿನ ಗ್ರೂಪಿನಲ್ಲಿ ಮಾಡಿದರೆ ಕೆಳಗಿನ ಎಲ್ಲ ರೆಪೊಗಳಿಗೂ ಸಿಗುತ್ತವೆ. ಇಶ್ಯೂಗಳೂ (ದೋಷ, ಬಾಕಿ ಕೆಲಸಗಳ ನಮೂದು) ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ಇದೇ ದೊಡ್ಡ ಲಾಭ. ಗ್ರೂಪ್ ವಿಕಿ, ಎಪಿಕ್‌ಗಳು (ಹಲವು ಇಶ್ಯೂಗಳನ್ನು ಒಟ್ಟುಗೂಡಿಸುವ ದೊಡ್ಡ ಕೆಲಸಗಳು) ಉಚಿತ ಪ್ಲಾನಿನಲ್ಲಿಲ್ಲ.

ಎಡವುವುದು ಅನುಮತಿಯಲ್ಲಿ. ಮೇಲಿನ ಗ್ರೂಪಿನಲ್ಲಿ ಕೊಟ್ಟ ರೋಲ್ (ಅಧಿಕಾರದ ಮಟ್ಟ) ಕೆಳಗಿನ ಎಲ್ಲಕ್ಕೂ ಹರಿಯುತ್ತದೆ. ಸಬ್‌ಗ್ರೂಪಿನಲ್ಲಿ ಅದನ್ನು ಹೆಚ್ಚಿಸಬಹುದು, ಕಡಿಮೆ ಮಾಡಲಾಗದು. ಪದಪಟ್ಟಿಗೆಂದು ಬಂದವರನ್ನು ಮೇಲೆ ಮೇಂಟೇನರ್ ಮಾಡಿದರೆ ಕೀಬೋರ್ಡಿನ ಮೇನ್ ಬ್ರಾಂಚಿಗೂ ಪುಶ್ ಮಾಡಬಲ್ಲರು, ಆ್ಯಪ್ ಸೈನಿಂಗ್ ಕೀ (ಆ್ಯಪಿಗೆ ಸಹಿ ಹಾಕುವ ಗುಟ್ಟಿನ ಕೀಲಿ) ಇಟ್ಟ ಸಿಐ (ತಾನಾಗಿ ಬಿಲ್ಡ್, ಪರೀಕ್ಷೆ ಮಾಡುವ ವ್ಯವಸ್ಥೆ) ವೇರಿಯೇಬಲ್‌ಗಳನ್ನೂ ತೆರೆದು ನೋಡಬಲ್ಲರು. ಮೇಲೆ ಇಬ್ಬರು ಓನರ್‌ಗಳಿರಲಿ; ಉಳಿದವರನ್ನು ಅವರವರ ಸಬ್‌ಗ್ರೂಪಿಗೇ ಸೇರಿಸಿ.

ಯಾವುದನ್ನು ಬೇರೆ ರೆಪೊವಾಗಿ ಒಡೆಯಬೇಕು? ಒಟ್ಟಿಗೇ ರಿಲೀಸ್ ಆಗುವುದು ಒಂದೇ ರೆಪೊದಲ್ಲಿರಲಿ, ತನ್ನದೇ ಆವೃತ್ತಿ ಸಂಖ್ಯೆ ಇರುವುದು ಬೇರೆಯಾಗಲಿ. ಹಿಸ್ಟರಿ ಉಳಿಸಿಕೊಂಡು ಒಡೆಯಲು ಹೊಸದಾಗಿ ಕ್ಲೋನ್ ಮಾಡಿ, ಗಿಟ್ ಫಿಲ್ಟರ್-ರೆಪೊ ಎಂಬ ಸಾಧನವನ್ನು ಸಬ್‌ಡೈರೆಕ್ಟರಿ-ಫಿಲ್ಟರ್ ಆಯ್ಕೆಯೊಡನೆ ಓಡಿಸಿ. ಕಮಿಟ್ ಹ್ಯಾಶ್‌ಗಳು ಬದಲಾಗುವುದರಿಂದ ಹಳೆಯ ಬ್ರಾಂಚ್‌ಗಳು ಹೊಸ ರೆಪೊಗೆ ಕೂಡುವುದಿಲ್ಲ. ಬಾಕಿಯಿರುವ ಮರ್ಜ್ ರಿಕ್ವೆಸ್ಟ್‌ಗಳನ್ನು (ಬದಲಾವಣೆ ಸೇರಿಸುವ ಕೋರಿಕೆಗಳು) ಮೊದಲೇ ಮುಗಿಸಿ.

ಸಬ್‌ಮಾಡ್ಯೂಲ್ (ಒಂದು ರೆಪೊದೊಳಗೆ ಜೋಡಿಸಿದ ಇನ್ನೊಂದು ರೆಪೊ) ಬಳಸುವುದಾದರೆ ಪೂರ್ತಿ ಎಚ್‌ಟಿಟಿಪಿಎಸ್ ವಿಳಾಸ ಕೊಡಿ. ರಿಲೇಟಿವ್ ವಿಳಾಸವಿದ್ದರೆ ಫೋರ್ಕ್ ಮಾಡಿದವರ (ರೆಪೊದ ಪ್ರತಿ ಮಾಡಿಕೊಂಡವರ) ಖಾತೆಯಲ್ಲಿ ಆ ರೆಪೊ ಇರದೆ ಕ್ಲೋನ್ ಕೈಕೊಡುತ್ತದೆ. ಸಿಐನಲ್ಲಿ ಸಬ್‌ಮಾಡ್ಯೂಲ್ ಸ್ಟ್ರ್ಯಾಟಜಿಯನ್ನು ನಾರ್ಮಲ್ ಅಥವಾ ರಿಕರ್ಸಿವ್ ಎಂದು ಬರೆಯದಿದ್ದರೆ ಫೋಲ್ಡರ್ ಖಾಲಿಯೇ ಇರುತ್ತದೆ. ಪದಪಟ್ಟಿಯಂಥ ಡೇಟಾಕ್ಕಂತೂ ಸಬ್‌ಮಾಡ್ಯೂಲ್ ಬೇಡ, ರಿಲೀಸ್ ಆದ ಫೈಲನ್ನೇ ಇಳಿಸಿಕೊಳ್ಳುವುದು ಲೇಸು.

ಇರುವ ರೆಪೊವನ್ನು ಸಬ್‌ಗ್ರೂಪಿಗೆ ಟ್ರಾನ್ಸ್‌ಫರ್ ಮಾಡಿದರೆ ಹಳೆಯ ಗಿಟ್ ವಿಳಾಸ ಹೊಸದಕ್ಕೆ ತಿರುಗುತ್ತದೆ, ಆ ಜಾಗದಲ್ಲಿ ಅದೇ ಹೆಸರಿನ ಹೊಸ ಪ್ರಾಜೆಕ್ಟ್ ಹುಟ್ಟುವವರೆಗೆ. ಪೇಜಸ್ (ರೆಪೊದಿಂದಲೇ ಪ್ರಕಟವಾಗುವ ಜಾಲತಾಣ) ತಾಣದ ವಿಳಾಸ ಮಾತ್ರ ಹಾಗೆ ತಿರುಗದು. ಡೌನ್‌ಲೋಡ್ ಕೊಂಡಿಗಳನ್ನು ಅಂದೇ ತಿದ್ದಿ.